ಜಿಲ್ಲಾ ಪಂಚಾಯಿತಿ ಫಲಿತಾಂಶ 2016: ಗೆದ್ದವರು ಯಾರು, ಆಳಿದವರು ಯಾರು, ಈಗ ಕೇಳುವವರು ಯಾರು?

ಹಳೇ ಮೈಸೂರು ಓದುಗ

2026ರ ಫೆಬ್ರುವರಿಗೆ ಹತ್ತು ವರ್ಷ. 2016ರ ಫೆಬ್ರುವರಿ 13 ಮತ್ತು 20ರಂದು ಮತದಾನ, 23ರಂದು ಎಣಿಕೆ. ರಾಜ್ಯದ 30 ಜಿಲ್ಲಾ ಪಂಚಾಯಿತಿಗಳಿಗೆ ನಡೆದ ಕೊನೆಯ ಸಾರ್ವತ್ರಿಕ ಚುನಾವಣೆ ಅದು. ಈಗ ಮತ್ತೆ ಚುನಾವಣೆಯ ಸುದ್ದಿ ಹರಿದಾಡುತ್ತಿರುವುದರಿಂದ ಹಳೆಯ ಫಲಿತಾಂಶವನ್ನು ಒಮ್ಮೆ ತಿರುವಿ ಹಾಕೋಣ ಎನ್ನಿಸಿತು.

ಒಟ್ಟು 1,083 ಸ್ಥಾನ. ಕಾಂಗ್ರೆಸ್ 498, ಬಿಜೆಪಿ 408, ಜೆಡಿಎಸ್ 148. ಉಳಿದದ್ದು ಪಕ್ಷೇತರರಿಗೆ ಮತ್ತು ಸಣ್ಣ ಪಕ್ಷಗಳಿಗೆ. ಮರುದಿನದ ಚರ್ಚೆಯೆಲ್ಲ ಒಂದೇ ಪ್ರಶ್ನೆಯ ಸುತ್ತ: ಇದು 2018ರ ವಿಧಾನಸಭೆಯ ದಿಕ್ಸೂಚಿಯೇ? ನನ್ನ ಪ್ರಶ್ನೆ ಬೇರೆ. ಈ 1,083 ಜನ ಗೆದ್ದ ಮೇಲೆ ಏನಾಯಿತು? ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಕಂಡದ್ದನ್ನು ಬರೆಯಿರಿ. ಪಕ್ಷದ ಜಗಳ ಬೇಡ ಎಂದರೆ ನೀವು ಕೇಳುವುದಿಲ್ಲ ಎಂದು ಗೊತ್ತು, ಆದರೂ ಹೇಳಿದ್ದೇನೆ.

ಅಂಕಿಗಣಿತ

ದಿಕ್ಸೂಚಿಯ ಮಾತನ್ನು ಮೊದಲು ಮುಗಿಸಿಬಿಡೋಣ. 2010ರ ಡಿಸೆಂಬರ್ ಕೊನೆಯಲ್ಲಿ ಮತದಾನವಾಗಿ 2011ರ ಜನವರಿಯಲ್ಲಿ ಫಲಿತಾಂಶ ಬಂದಾಗ ಮುಂದಿದ್ದದ್ದು ಬಿಜೆಪಿ. ಎರಡು ವರ್ಷ ಕಳೆಯಿತು, 2013ರಲ್ಲಿ ಅದೇ ಪಕ್ಷ 40 ಸ್ಥಾನಕ್ಕೆ ಕುಸಿದು ಕಾಂಗ್ರೆಸ್ 122 ಗೆದ್ದಿತು. 2016ರಲ್ಲಿ ಕಾಂಗ್ರೆಸ್ ಮುಂದೆ. 2018ರಲ್ಲಿ ಬಿಜೆಪಿ 104ಕ್ಕೆ ಏರಿ, ಕಾಂಗ್ರೆಸ್ 80ರ ಆಸುಪಾಸಿನಲ್ಲಿ ನಿಂತಿತು. ಎರಡು ಸಲವೂ ಜಿಲ್ಲಾ ಪಂಚಾಯಿತಿಯಲ್ಲಿ ಮುಂದೆ ಬಂದದ್ದು ಆಗ ಬೆಂಗಳೂರಿನಲ್ಲಿ ಅಧಿಕಾರದಲ್ಲಿದ್ದ ಪಕ್ಷ. ಎರಡು ಸಲವೂ ಅದು ಮುಂದಿನ ವಿಧಾನಸಭೆಯಲ್ಲಿ ಸೋತಿತು.

ಹಾಗಾದರೆ ಈ ಫಲಿತಾಂಶ ಮುಂದೇನಾಗುತ್ತದೆ ಎಂದು ಹೇಳುವುದಿಲ್ಲ, ಈಗ ಯಾರ ಕೈಯಲ್ಲಿ ಅನುದಾನ ಇದೆ ಎಂದು ಹೇಳುತ್ತದೆ. ರಸ್ತೆ, ಚರಂಡಿ, ಕುಡಿಯುವ ನೀರು ಆಗಬೇಕಾದರೆ ಸರ್ಕಾರದ ಕಡೆಯವನೇ ಇರಲಿ ಎಂದು ಹಳ್ಳಿಯ ಮತದಾರ ಲೆಕ್ಕ ಹಾಕುತ್ತಾನೆ. ಅದು ದಡ್ಡತನವಲ್ಲ, ವ್ಯವಹಾರ ಜ್ಞಾನ.

ಕೃಷ್ಣಾ ತೀರ

ಎರಡು ಚುನಾವಣೆ ಇಟ್ಟುಕೊಂಡು ನಿಯಮ ಮಾಡಿಬಿಟ್ಟಿರಲ್ಲ ಸರ್. ಅದೇ 2016ರ ಫೆಬ್ರುವರಿ 13ರಂದು ಹೆಬ್ಬಾಳ, ದೇವದುರ್ಗ, ಬೀದರ್ ವಿಧಾನಸಭಾ ಉಪಚುನಾವಣೆಯೂ ನಡೆದಿತ್ತು. ಹೆಬ್ಬಾಳ, ದೇವದುರ್ಗ ಎರಡನ್ನೂ ಬಿಜೆಪಿ ಗೆದ್ದಿತು. ಆಡಳಿತ ಪಕ್ಷಕ್ಕೆ ಅನುದಾನದ ಬಲ ಇದ್ದಿದ್ದರೆ ದೇವದುರ್ಗ ಯಾಕೆ ಕೈತಪ್ಪಿತು? ಅದಂತೂ ಪೂರ್ತಿ ಗ್ರಾಮೀಣ ಕ್ಷೇತ್ರ.

ಅಂಕಿಗಣಿತ

ಒಪ್ಪುತ್ತೇನೆ, ನಿಯಮ ಎನ್ನುವುದು ಹೆಚ್ಚಾಯಿತು, ಒಲವು ಎನ್ನೋಣ. ಆದರೆ ಶಾಸಕನನ್ನು ಆರಿಸುವಾಗಿನ ಲೆಕ್ಕ ಬೇರೆ, ಜಿಲ್ಲಾ ಪಂಚಾಯಿತಿ ಸದಸ್ಯನನ್ನು ಆರಿಸುವಾಗಿನ ಲೆಕ್ಕ ಬೇರೆ. ಒಂದೇ ಮನೆಯವರು ಒಂದೇ ತಿಂಗಳಲ್ಲಿ ಎರಡು ಥರ ಯೋಚಿಸಬಲ್ಲರು. ದೇವದುರ್ಗದ ಉದಾಹರಣೆಯೂ ಅದನ್ನೇ ಹೇಳುತ್ತದೆ.

ಕರಾವಳಿ ಕೃಷಿಕ

ನಮ್ಮ ಕಡೆ ನಿಮ್ಮ ಒಲವು ನಡೆಯಲೇ ಇಲ್ಲ ಮಾರಾಯರೇ. ರಾಜ್ಯದಲ್ಲಿ ಕಾಂಗ್ರೆಸ್ ಸರ್ಕಾರ ಇದ್ದಾಗಲೇ ದಕ್ಷಿಣ ಕನ್ನಡದ 36ರಲ್ಲಿ 21 ಬಿಜೆಪಿಗೆ, ಉಡುಪಿಯ 26ರಲ್ಲಿ 20 ಬಿಜೆಪಿಗೆ. ಅದಕ್ಕೂ ಮೂರು ವರ್ಷದ ಹಿಂದೆ ಇದೇ ದಕ್ಷಿಣ ಕನ್ನಡ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಏಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತ್ತು. 2018ರಲ್ಲಿ ಎಂಟರಲ್ಲಿ ಏಳು ಬಿಜೆಪಿಗೆ ಹೋಯಿತು. ಅಂದರೆ ನಮ್ಮಲ್ಲಿ ಜಿಲ್ಲಾ ಪಂಚಾಯಿತಿ ಫಲಿತಾಂಶ ಸರಿಯಾದ ದಿಕ್ಸೂಚಿಯೇ ಆಗಿತ್ತು. ಇಡೀ ರಾಜ್ಯವನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಹಳೇ ಮೈಸೂರು ಓದುಗ

ಒಳ್ಳೆಯ ಮಾತು. ಆದರೂ ನಾನು ಕೇಳಿದ್ದಕ್ಕೆ ಇನ್ನೂ ಯಾರೂ ಬಂದಿಲ್ಲ. ನಾನೇ ಶುರು ಮಾಡುತ್ತೇನೆ.

ಮೈಸೂರು ಜಿಲ್ಲಾ ಪಂಚಾಯಿತಿ, 49 ಸ್ಥಾನ. ಕಾಂಗ್ರೆಸ್ 22, ಜೆಡಿಎಸ್ 18, ಬಿಜೆಪಿ 8, ಪಕ್ಷೇತರ 1. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ತವರು ಜಿಲ್ಲೆ. ಬಹುಮತಕ್ಕೆ 25 ಬೇಕು, ಕಾಂಗ್ರೆಸ್ಸಿಗೆ ಮೂರು ಕಡಿಮೆ. ಜೆಡಿಎಸ್ ಮತ್ತು ಬಿಜೆಪಿ ಕೈ ಜೋಡಿಸಿದವು, 26 ಆಯಿತು, ಅಧ್ಯಕ್ಷ ಸ್ಥಾನ ಜೆಡಿಎಸ್‌ಗೆ, ಉಪಾಧ್ಯಕ್ಷ ಸ್ಥಾನ ಬಿಜೆಪಿಗೆ. 2018ರ ಮೇನಲ್ಲಿ ಬೆಂಗಳೂರಿನಲ್ಲಿ ಜೆಡಿಎಸ್ ಮತ್ತು ಕಾಂಗ್ರೆಸ್ ಸೇರಿ ಸರ್ಕಾರ ಮಾಡಿದವು. ಮೈಸೂರಿನಲ್ಲಿ ಏನು ಮಾಡುವುದು? 2019ರಲ್ಲಿ ಅಲ್ಲಿಯೂ ಹಳೆಯ ಗೆಳೆತನ ಬಿಟ್ಟು, ಕಾಂಗ್ರೆಸ್ಸಿನ ಜೊತೆ ಸೇರಿ ಜೆಡಿಎಸ್‌ನ ಮತ್ತೊಬ್ಬ ಸದಸ್ಯೆ ಅಧ್ಯಕ್ಷರಾದರು. ಮತದಾರ ಹಾಕಿದ ಮತ ಅದೇ, ಗೆದ್ದವರು ಅವರೇ, ಎದುರು ಬೆಂಚಿನಲ್ಲಿ ಕುಳಿತವರು ಮಾತ್ರ ಬದಲಾದರು.

ಶಿವಮೊಗ್ಗವೂ ಹಾಗೆಯೇ. ಬಿಜೆಪಿ ದೊಡ್ಡ ಪಕ್ಷ, 31ರಲ್ಲಿ ಬಹುಮತಕ್ಕೆ ಒಂದೇ ಸ್ಥಾನ ಕಡಿಮೆ. ಕಾಂಗ್ರೆಸ್ ಬೆಂಬಲದಿಂದ ಅಧ್ಯಕ್ಷರಾದವರು ಜೆಡಿಎಸ್ ಸದಸ್ಯೆ. ಒಂದು ಜಿಲ್ಲೆಯಲ್ಲಿ ಜೆಡಿಎಸ್‌ಗೆ ಬಿಜೆಪಿ ನೆಂಟ, ಇನ್ನೊಂದರಲ್ಲಿ ವೈರಿ.

ನಿವೃತ್ತ ಪ್ರಥಮ ದರ್ಜೆ

ಹಾಸನದ್ದನ್ನು ಯಾರೂ ಹೇಳಲಿಲ್ಲ, ಅದೇ ಎಲ್ಲಕ್ಕಿಂತ ಸ್ವಾರಸ್ಯ. ಜೆಡಿಎಸ್‌ಗೆ ಅಲ್ಲಿ ಸ್ಪಷ್ಟ ಬಹುಮತ. ಯಾರ ಹಂಗೂ ಬೇಡ. ಆದರೆ ಅಧ್ಯಕ್ಷ ಸ್ಥಾನ ಮೀಸಲಾದ ವರ್ಗಕ್ಕೆ ಸೇರಿದ ಸದಸ್ಯೆ ಗೆದ್ದದ್ದು ಕಾಂಗ್ರೆಸ್ಸಿನಿಂದ. ಹೀಗಾಗಿ ಬಹುಮತ ಒಬ್ಬರದು, ಅಧ್ಯಕ್ಷಗಿರಿ ಇನ್ನೊಬ್ಬರದು. ಐದು ವರ್ಷ ಆ ಜಗ್ಗಾಟವನ್ನು ಜಿಲ್ಲೆ ನೋಡಿತು.

ನಾನು ಬೇರೆ ಒಂದು ಜಿಲ್ಲೆಯ ಪಂಚಾಯಿತಿ ಕಚೇರಿಯಲ್ಲಿ ಸಭೆಯ ಶಾಖೆಯಲ್ಲಿ ಗುಮಾಸ್ತನಾಗಿದ್ದವನು. ಹೆಸರು ಬೇಡ. ಸಾಮಾನ್ಯ ಸಭೆ ಎಂದರೆ ಏನು ಎಂದು ಇಲ್ಲಿರುವ ಹುಡುಗರಿಗೆ ಗೊತ್ತಿರಲಾರದು, ಅದಕ್ಕೆ ಬರೆಯುತ್ತೇನೆ.

ಸಭೆಗೆ ಮೊದಲು ಎಲ್ಲ ಇಲಾಖೆಯಿಂದ ಅನುಪಾಲನಾ ವರದಿ ಬರಬೇಕು. ಹಿಂದಿನ ಸಭೆಯಲ್ಲಿ ಸದಸ್ಯರು ಕೇಳಿದ ಪ್ರಶ್ನೆ ಎಡಗಡೆ, ಇಲಾಖೆ ಕೈಗೊಂಡ ಕ್ರಮ ಬಲಗಡೆ. ಬಲಗಡೆಯ ಅಂಕಣದಲ್ಲಿ ಅರ್ಧಕ್ಕರ್ಧ 'ಕ್ರಮ ವಹಿಸಲಾಗುತ್ತಿದೆ' ಎಂದೇ ಇರುತ್ತಿತ್ತು. ಅದನ್ನು ಸೈಕ್ಲೋಸ್ಟೈಲ್ ಕಾಲದಿಂದ ನೋಡುತ್ತಾ ಬಂದವನು ನಾನು. ಒಮ್ಮೆ ಒಬ್ಬ ಸದಸ್ಯೆ, ಮೊದಲ ಸಲ ಗೆದ್ದು ಬಂದವರು, ಸೀರೆಯ ಸೆರಗಿನ ಮರೆಯಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಕೊಳವೆಬಾವಿಯ ನೀರು, ತಳದಲ್ಲಿ ಒಂದು ಬೆರಳು ಕೆಂಪು ಗಸಿ. 'ಇದನ್ನು ಎಂಜಿನಿಯರ್ ಸಾಹೇಬರು ಕುಡಿದು ತೋರಿಸಲಿ, ನಾನು ಕೂತುಕೊಳ್ಳುತ್ತೇನೆ' ಎಂದರು. ಸಿಇಒ, ಅಂದರೆ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ, ತಲೆ ಎತ್ತಿ ನೋಡಿದರು. ಮುಂದಿನ ಸಭೆಯ ಹೊತ್ತಿಗೆ ಆ ಊರಿಗೆ ಹೊಸ ಪೈಪು ಹೋಗಿತ್ತು. ಬಲಗಡೆಯ ಅಂಕಣದಲ್ಲಿ ಆ ಸಲ 'ಕಾಮಗಾರಿ ಪೂರ್ಣಗೊಂಡಿದೆ' ಎಂದು ನಾನೇ ಟೈಪು ಮಾಡಿದೆ.

2021ರ ಮೇಲೆ ಅನುಪಾಲನಾ ವರದಿ ಯಾರಿಗೆ? ಆಡಳಿತಾಧಿಕಾರಿಗೆ. ಆಡಳಿತಾಧಿಕಾರಿ ಎಂದರೆ ಸರ್ಕಾರ ನೇಮಿಸಿದ ಹಿರಿಯ ಐಎಎಸ್ ಅಧಿಕಾರಿ, ಬೆಂಗಳೂರಿನಲ್ಲಿ ಬೇರೆ ಹುದ್ದೆಯೂ ಹೆಗಲ ಮೇಲೆ. ಅಧಿಕಾರಿ ಬರೆದದ್ದನ್ನು ಅಧಿಕಾರಿ ಓದುತ್ತಾರೆ. ಬಾಟಲಿ ತರುವವರಿಲ್ಲ.

ಕರಾವಳಿ ಕೃಷಿಕ

ಸರ್, ನಿಮ್ಮ ಬಾಟಲಿ ಪ್ರಸಂಗ ಓದಲು ಚೆನ್ನಾಗಿದೆ. ಆದರೆ ಎಷ್ಟು ಸದಸ್ಯರು ಹಾಗಿದ್ದರು? ನಾನು ಕಂಡ ಸದಸ್ಯರಲ್ಲಿ ಹೆಚ್ಚಿನವರು ಗುತ್ತಿಗೆದಾರರು, ಇಲ್ಲವೇ ಗುತ್ತಿಗೆದಾರರ ಹೆಂಡತಿಯರು. ಕ್ರಿಯಾಯೋಜನೆ ಎಂದರೆ ಅವರಿಗೆ ಹಂಚಿಕೆ. ಇವರಿಗೆ ಎಷ್ಟು, ಅವರಿಗೆ ಎಷ್ಟು, ಅಷ್ಟೇ.

ಮಾಜಿ ತಾಪಂ ಸದಸ್ಯೆ

'ಗುತ್ತಿಗೆದಾರರ ಹೆಂಡತಿಯರು' ಎಂದು ಬರೆದ ಅಣ್ಣನವರಿಗೆ. ನಾನು 2016ರಲ್ಲಿ ತಾಲ್ಲೂಕು ಪಂಚಾಯಿತಿಗೆ ಗೆದ್ದವಳು. ನನ್ನ ಗಂಡ ಗುತ್ತಿಗೆದಾರರಲ್ಲ, ಹಾಲಿನ ಡೇರಿಯ ಕಾರ್ಯದರ್ಶಿ. ಮೊದಲ ಮೂರು ಸಭೆಗೆ ಅವರೂ ಬಂದು ಬಾಗಿಲಲ್ಲಿ ನಿಂತಿದ್ದರು ಎಂಬುದು ನಿಜ. ನಾಲ್ಕನೆಯ ಸಭೆಗೆ ನಾನೇ ಬೇಡ ಎಂದೆ. ಆ ಚುನಾವಣೆಯಲ್ಲಿ ಅರ್ಧ ಸ್ಥಾನ ನಮಗೆ ಮೀಸಲು. ಅರ್ಧ ಎಂದರೆ ಬಾಯಲ್ಲಿ ಹೇಳುವುದು ಸುಲಭ. ಸಭೆಯಲ್ಲಿ ಕುಳಿತಾಗ ಅದು ಏನು ಎಂದು ತಿಳಿಯುತ್ತದೆ: ಅಂಗನವಾಡಿಯ ಮೊಟ್ಟೆಯ ಬಗ್ಗೆ ಒಬ್ಬಳು ಕೇಳಿದರೆ ನಗುತ್ತಾರೆ, ಹತ್ತು ಜನ ಕೇಳಿದರೆ ಬರೆದುಕೊಳ್ಳುತ್ತಾರೆ.

ನಮ್ಮ ಕೈಯಲ್ಲಿ ಹಣ ಇರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ತಾಲ್ಲೂಕು ಪಂಚಾಯಿತಿಗೆ ಬರುವ ಹಣದಲ್ಲಿ ಬಹುಪಾಲು ಶಿಕ್ಷಕರ, ಸಿಬ್ಬಂದಿಯ ಸಂಬಳಕ್ಕೇ. ಒಬ್ಬೊಬ್ಬ ಸದಸ್ಯರ ಪಾಲಿಗೆ ಬರುತ್ತಿದ್ದ ಅನುದಾನದಲ್ಲಿ ಒಂದು ಚರಂಡಿ, ಒಂದು ಶಾಲೆಯ ಚಾವಣಿ ಆದರೆ ಪುಣ್ಯ. 2021ರ ಆರಂಭದಲ್ಲಿ ತಾಲ್ಲೂಕು ಪಂಚಾಯಿತಿಯನ್ನೇ ರದ್ದು ಮಾಡುವ ಮಾತು ಸರ್ಕಾರದ ಕಡೆಯಿಂದಲೇ ಬಂತು. ಹಣ ಕೊಡದೆ ಕೂರಿಸಿ, ಆಮೇಲೆ ಕೆಲಸವಿಲ್ಲ ಎಂದು ಎಬ್ಬಿಸುವುದು!

ಇನ್ನೊಂದು ಮಾತು. ನಾವು ಇಲ್ಲವಾದ ಮೇಲೆ ಲಾಭ ಯಾರಿಗೆ? ಶಾಸಕರಿಗೆ. ತಾಲ್ಲೂಕಿನ ಕೆಡಿಪಿ ಸಭೆಗೆ, ಅಂದರೆ ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಸಭೆಗೆ, ಅವರೇ ಅಧ್ಯಕ್ಷರು. ಜಿಲ್ಲೆಯಲ್ಲಿ ಉಸ್ತುವಾರಿ ಸಚಿವರು. ಮಧ್ಯದಲ್ಲಿ ನಾಳೆ ತಮ್ಮ ಟಿಕೆಟ್ಟಿಗೇ ಕೈ ಹಾಕುವಂಥ ಜಿಲ್ಲಾ ಪಂಚಾಯಿತಿ ಸದಸ್ಯ ಇಲ್ಲದಿದ್ದರೆ ಅವರಿಗೆ ಎಷ್ಟು ನಿರಾಳ ನೋಡಿ. ಮೂರೂ ಪಕ್ಷದ ಶಾಸಕರು ಒಂದೇ ವಿಷಯದಲ್ಲಿ ಒಗ್ಗಟ್ಟಾಗಿದ್ದಾರೆ ಎಂದರೆ ಇದೊಂದರಲ್ಲೇ.

ಕರಾವಳಿ ಕೃಷಿಕ

ಅಕ್ಕಾ, ನಿಮ್ಮನ್ನು ಉದ್ದೇಶಿಸಿ ಬರೆದದ್ದಲ್ಲ. ಆದರೂ ನೋವಾಗಿದ್ದರೆ ಆ ವಾಕ್ಯ ವಾಪಸು. ಗುತ್ತಿಗೆದಾರರ ಮಾತು ವಾಪಸಿಲ್ಲ.

ಧಾರವಾಡದ ಕಪ್ಪು ಕೋಟು

ಚುನಾವಣೆ ಯಾಕೆ ನಿಂತಿತು ಎನ್ನುವುದನ್ನು ಸರಿಯಾಗಿ ಜೋಡಿಸಿ ಹೇಳುತ್ತೇನೆ, ಏಕೆಂದರೆ 'ಕೋರ್ಟಿನಿಂದ ನಿಂತಿದೆ' ಎಂದು ರಾಜಕಾರಣಿಗಳು ಹೇಳುತ್ತಾರೆ, ಜನ ನಂಬುತ್ತಾರೆ.

ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿದೆ. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. ನಮ್ಮಲ್ಲಿ ಅವಧಿ ಮುಗಿದದ್ದು 2021ರ ಏಪ್ರಿಲ್–ಮೇ ಹೊತ್ತಿಗೆ. ಕೋವಿಡ್ ಎಂದು ಹೇಳುತ್ತಾರೆ. ಸರಿ, ಎರಡನೇ ಅಲೆಯ ನಡುವೆ ಚುನಾವಣೆ ಬೇಡ ಎನ್ನೋಣ. ಆದರೆ 2020ರ ಡಿಸೆಂಬರ್ 22 ಮತ್ತು 27ರಂದು ಅದೇ ಕೋವಿಡ್ ಕಾಲದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತಲ್ಲ?

ರಾಜ್ಯ ಚುನಾವಣಾ ಆಯೋಗ 2021ರಲ್ಲೇ ಕ್ಷೇತ್ರಗಳನ್ನು ವಿಂಗಡಿಸಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಪ್ರಕಟಿಸಿತ್ತು. ಆಗ ಸರ್ಕಾರ 1993ರ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನೇ ಆಯೋಗದಿಂದ ಕಿತ್ತುಕೊಂಡಿತು, ಕ್ಷೇತ್ರ ಪುನರ್ ವಿಂಗಡಣೆಗೆ ಪ್ರತ್ಯೇಕ ಆಯೋಗ ಮಾಡಿತು. ಅಲ್ಲಿಗೆ ಎಲ್ಲ ಕೆಲಸ ಮೊದಲಿನಿಂದ. ಅಷ್ಟರಲ್ಲಿ ಹಿಂದುಳಿದ ವರ್ಗಗಳ ರಾಜಕೀಯ ಮೀಸಲಾತಿಗೆ ಮೂರು ಹಂತದ ಪರೀಕ್ಷೆ (ಪ್ರತ್ಯೇಕ ಆಯೋಗದ ಅಧ್ಯಯನ, ಅದರ ಆಧಾರದ ಮೇಲೆ ಮೀಸಲಾತಿಯ ಪ್ರಮಾಣ, ಒಟ್ಟು ಮೀಸಲಾತಿ ಶೇ 50 ಮೀರದಿರುವುದು) ಕಡ್ಡಾಯ ಎಂಬ ಸುಪ್ರೀಂ ಕೋರ್ಟ್ ತೀರ್ಪು ಬಂದಿತ್ತು. ಅದಕ್ಕಾಗಿ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಆಯೋಗ, 2022ರಲ್ಲಿ ಅದರ ವರದಿ. ಅದೇ ವರ್ಷ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಮಾತು ಹೇಳಿತು: ಈ ಕಸರತ್ತು ಮುಗಿದಿಲ್ಲ ಎಂಬ ಕಾರಣಕ್ಕೆ ಚುನಾವಣೆ ಮುಂದೂಡುವಂತಿಲ್ಲ. ನಮ್ಮ ಹೈಕೋರ್ಟ್ ವಿಳಂಬಕ್ಕಾಗಿ 2022ರ ಡಿಸೆಂಬರ್‌ನಲ್ಲಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಈಗ ಹೇಳಿ, ನಿಲ್ಲಿಸಿದ್ದು ಕೋರ್ಟೇ?

ತಿದ್ದುಪಡಿ ತಂದಾಗ ಇದ್ದದ್ದು ಬಿಜೆಪಿ ಸರ್ಕಾರ. 2023ರ ಮೇ ಮೇಲೆ ಇರುವುದು ಕಾಂಗ್ರೆಸ್ ಸರ್ಕಾರ. ಬೈಯುವವರು ಇಬ್ಬರಿಗೂ ಸಮನಾಗಿ ಹಂಚಿ.

ಕೃಷ್ಣಾ ತೀರ

ವಕೀಲರೇ, ಒಂದು ಸಂಶಯ. ಪುನರ್ ವಿಂಗಡಣೆ ಅಷ್ಟು ಕೆಟ್ಟದ್ದೇ? ನಮ್ಮ ತಾಲ್ಲೂಕಿನಲ್ಲಿ ಒಂದು ಕ್ಷೇತ್ರ ಈ ತುದಿಯಿಂದ ಆ ತುದಿಗೆ ಅರ್ಧ ದಿನದ ದಾರಿ. ಹೊಸ ತಾಲ್ಲೂಕುಗಳೂ ಆಗಿವೆ.

ಧಾರವಾಡದ ಕಪ್ಪು ಕೋಟು

ವಿಂಗಡಣೆ ಬೇಕು, ಅದನ್ನು ಯಾರು ಮಾಡಬೇಕು ಎನ್ನುವುದೇ ಪ್ರಶ್ನೆ. 1993ರ ಕಾಯ್ದೆ ಮೊದಲು ಇಟ್ಟಿದ್ದ ಲೆಕ್ಕದಲ್ಲಿ ಸುಮಾರು 40 ಸಾವಿರ ಜನಕ್ಕೆ ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯ, ಬೆಟ್ಟದ ಜಿಲ್ಲೆ ಕೊಡಗಿಗೆ 18 ಸಾವಿರ. ಬೆಳಗಾವಿಗೆ 90 ಸ್ಥಾನ ಬಂದದ್ದು ಜನಸಂಖ್ಯೆಯ ಲೆಕ್ಕದಿಂದಲೇ. ಯಾವ ಹಳ್ಳಿ ಯಾವ ಕ್ಷೇತ್ರಕ್ಕೆ ಎಂಬ ಗೆರೆ ಎಳೆಯುವ ಪೆನ್ನು ಚುನಾವಣಾ ಆಯೋಗದ ಕೈಯಲ್ಲಿ ಇರಬೇಕೇ, ಸರ್ಕಾರ ನೇಮಿಸಿದವರ ಕೈಯಲ್ಲಿ ಇರಬೇಕೇ? ನಿಮ್ಮ ಶಾಸಕರನ್ನು ಕೇಳಿ ನೋಡಿ, ಅವರು ಯಾವ ಪೆನ್ನು ಬೇಕು ಎನ್ನುತ್ತಾರೆ ಎಂದು.

ನಿವೃತ್ತ ಪ್ರಥಮ ದರ್ಜೆ

ಚುನಾವಣೆ ಹೀಗೆ ನಿಂತದ್ದು ಇದು ಮೊದಲ ಸಲವೂ ಅಲ್ಲ. 1983ರ ಜಿಲ್ಲಾ ಪರಿಷತ್ ಕಾಯ್ದೆ, ರಾಮಕೃಷ್ಣ ಹೆಗಡೆ ಮತ್ತು ಅಬ್ದುಲ್ ನಜೀರ್ ಸಾಬ್ ಅವರ ಕನಸು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ, ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ ಎಂಬ ಹೆಸರಿನಲ್ಲಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕಡತ ಹಿಡಿದು ಅಧ್ಯಕ್ಷರ ಕೊಠಡಿಯ ಹೊರಗೆ ಅಧಿಕಾರಿಗಳು ಕಾಯುವುದನ್ನು ಕಂಡು ನಮ್ಮ ಸೂಪರಿಂಟೆಂಡೆಂಟರಿಗೆ ಜೀರ್ಣವೇ ಆಗುತ್ತಿರಲಿಲ್ಲ. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿಗೆ ಮೊದಲೇ ದೇಶಕ್ಕೆ ದಾರಿ ತೋರಿಸಿದ ರಾಜ್ಯ ಇದು.

ಆ ಅವಧಿ 1992ರಲ್ಲಿ ಮುಗಿದಾಗ ಏನಾಯಿತು? ಚುನಾವಣೆ ಇಲ್ಲ, ಆಡಳಿತಾಧಿಕಾರಿ ಬಂದರು, 1995ರವರೆಗೆ ಅದೇ ಗತಿ. 1992ರಲ್ಲಿ 243ಇ ಎಂಬ ಲಗಾಮು ಇರಲಿಲ್ಲ ಎಂಬ ನೆಪವಾದರೂ ಇತ್ತು.

ಅಂಕಿಗಣಿತ

ಯಾರೂ ಗಮನಿಸದ ಒಂದು ಪರಿಣಾಮ ಹೇಳುತ್ತೇನೆ. 2021ರ ಡಿಸೆಂಬರ್ 10ರಂದು ವಿಧಾನ ಪರಿಷತ್ತಿನ 25 ಸ್ಥಾನಗಳಿಗೆ ಸ್ಥಳೀಯ ಸಂಸ್ಥೆಗಳಿಂದ ಚುನಾವಣೆ ನಡೆಯಿತು. ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರೂ ಅಲ್ಲಿ ಮತದಾರರಾಗಿರಬೇಕಿತ್ತು. ಮಂಡಳಿಗಳೇ ಇಲ್ಲದ್ದರಿಂದ ಆ ಮತಗಳೇ ಇಲ್ಲವಾದವು. ಕಾಂಗ್ರೆಸ್ 11, ಬಿಜೆಪಿ 11, ಜೆಡಿಎಸ್ 2, ಪಕ್ಷೇತರ 1. ಅಂಥ ಸಮಬಲದ ಫಲಿತಾಂಶದಲ್ಲಿ ಸಾವಿರಾರು ಮತದಾರರ ಗೈರುಹಾಜರಿ ಏನು ಮಾಡಿರಬಹುದು ಎಂದು ನೀವೇ ಊಹಿಸಿ.

ಹಣದ್ದೂ ಇದೆ. ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ ಬೇಕಾದರೆ ಚುನಾಯಿತ ಮಂಡಳಿ ಇರಲೇಬೇಕಿತ್ತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಯ ಪಾಲು ದೆಹಲಿಯಲ್ಲೇ ಉಳಿಯಿತು ಎಂದರೆ ಅದಕ್ಕೆ ಕೇಂದ್ರವನ್ನೊಂದೇ ದೂರಿ ಪ್ರಯೋಜನವಿಲ್ಲ.

ಕೃಷ್ಣಾ ತೀರ

ಕೇಂದ್ರದ ತಾರತಮ್ಯದ ಬಗ್ಗೆ ಮಾತನಾಡುವಾಗ ಮಾತ್ರ ಈ ವೇದಿಕೆಯಲ್ಲಿ ಎಲ್ಲರಿಗೂ ಮರೆವು. ಹೋಗಲಿ, ಜಗಳ ಬೇಡ ಎಂದಿದ್ದಾರೆ.

ಮಾಜಿ ತಾಪಂ ಸದಸ್ಯೆ

ಹುಡುಗರಿಗೆ ಒಂದು ಲೆಕ್ಕ ಹೇಳುತ್ತೇನೆ. 2016ರಲ್ಲಿ ಮತಗಟ್ಟೆಗೆ ಹೋದವರು ಎರಡು ಮತ ಹಾಕಿದ್ದರು, ಒಂದು ಜಿಲ್ಲೆಗೆ, ಒಂದು ತಾಲ್ಲೂಕಿಗೆ. ನನ್ನ ಮಗಳಿಗೆ ಆಗ ಹನ್ನೆರಡು. ಈಗ ವಿಧಾನಸಭೆಗೆ ಒಮ್ಮೆ, ಲೋಕಸಭೆಗೆ ಒಮ್ಮೆ ಮತ ಹಾಕಿದ್ದಾಳೆ. ಜಿಲ್ಲಾ ಪಂಚಾಯಿತಿ ಎಂದರೆ ಅವಳಿಗೆ ಬಸ್ ನಿಲ್ದಾಣದ ಹಿಂದಿನ ಕಟ್ಟಡ, ಅಷ್ಟೇ. ಅವಳ ಕ್ಷೇತ್ರದ ಸದಸ್ಯ ಯಾರು ಎಂದು ಕೇಳಿದರೆ 'ಹಾಗಂದರೆ ಏನಮ್ಮ' ಎನ್ನುತ್ತಾಳೆ. ಎಂಥ ಉತ್ತರ ಕೊಡಲಿ?

ಮತ್ತೆ ಚುನಾವಣೆ ಬಂದರೆ ನಿಲ್ಲುತ್ತೀರಾ ಎಂದು ಕೆಲವರು ಕೇಳುತ್ತಾರೆ. ಮೀಸಲಾತಿ ಪಟ್ಟಿ ಬರಲಿ. ನಮ್ಮ ಕ್ಷೇತ್ರ ಯಾವ ವರ್ಗಕ್ಕೆ ಬರುತ್ತದೋ, ಪಕ್ಷದ ಟಿಕೆಟ್ಟಿನ ಬಿ ಫಾರಂ ಯಾರ ಮನೆಯ ಸೊಸೆಗೆ ಹೋಗುತ್ತದೋ! ಕಳೆದ ಸಲ ನನಗೆ ಸಿಕ್ಕಿದ್ದು ನಾಮಪತ್ರದ ಕೊನೆಯ ದಿನ ಮಧ್ಯಾಹ್ನ.

ಹೊಸಪೇಟೆಯವ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನೀವೆಲ್ಲ 30 ಜಿಲ್ಲಾ ಪಂಚಾಯಿತಿ ಎನ್ನುತ್ತಿದ್ದೀರಿ. ನಮ್ಮದನ್ನು ಬಿಟ್ಟಿರಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆ ಆಯಿತು, ರಾಜ್ಯದ 31ನೆಯದು. ಜಿಲ್ಲಾ ಪಂಚಾಯಿತಿ ಇದೆ, ಸಿಇಒ ಇದ್ದಾರೆ, ಕಚೇರಿ ಇದೆ. ಆದರೆ ಈ ಜಿಲ್ಲೆಗೆಂದು ಜನ ಆರಿಸಿದ ಒಬ್ಬನೇ ಒಬ್ಬ ಸದಸ್ಯನೂ ಇದುವರೆಗೆ ಆಗಿಲ್ಲ. ನೀವು ಹಳೆಯ ಫಲಿತಾಂಶವನ್ನಾದರೂ ತಿರುವಿ ಹಾಕುತ್ತೀರಿ. ನಮಗೆ ತಿರುವಿ ಹಾಕಲು ಏನಿದೆ? ಬಳ್ಳಾರಿಯ ಪಟ್ಟಿಯಲ್ಲಿ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಎಂದು ಹುಡುಕಿಕೊಳ್ಳಬೇಕು.

ನಿವೃತ್ತ ಪ್ರಥಮ ದರ್ಜೆ

ಅದು ನನಗೆ ಹೊಳೆದೇ ಇರಲಿಲ್ಲ. ಅಲ್ಲಿ ಮೊದಲ ಸಾಮಾನ್ಯ ಸಭೆ ನಡೆದ ದಿನ ಅನುಪಾಲನಾ ವರದಿಯ ಎಡಗಡೆಯ ಅಂಕಣ ಖಾಲಿ ಇರುತ್ತದೆ, ಹಿಂದಿನ ಸಭೆಯೇ ಇಲ್ಲವಲ್ಲ. ಗುಮಾಸ್ತರಿಗೆ ಒಂದು ಸಭೆಯ ಮಟ್ಟಿಗೆ ಸುಖ.

ಹಳೇ ಮೈಸೂರು ಓದುಗ

ಹೊಸಪೇಟೆಯವರೇ, 2016ರ ಬಳ್ಳಾರಿ ಜಿಲ್ಲೆಯ ಕ್ಷೇತ್ರವಾರು ಪಟ್ಟಿಯಲ್ಲಿ ನಿಮ್ಮ ತಾಲ್ಲೂಕುಗಳನ್ನು ಬೇರೆ ಮಾಡಿ ಹಾಕಬಲ್ಲಿರಾ? ಹರಪನಹಳ್ಳಿ ಆಗ ದಾವಣಗೆರೆಯಲ್ಲಿತ್ತು, ಅದನ್ನೂ ಸೇರಿಸಬೇಕಾಗುತ್ತದೆ. ಅಂಕಿಗಣಿತ ಅವರು ಕೂಡಿಸಿ ನೋಡಲಿ, ಆಗ ಈ ಜಿಲ್ಲೆ ಇದ್ದಿದ್ದರೆ ಯಾರದಾಗುತ್ತಿತ್ತು ಎಂದು.

ಅಂಕಿಗಣಿತ

ಪಟ್ಟಿ ಕೊಡಿ, ಕೂಡಿಸುತ್ತೇನೆ. ಅಧ್ಯಕ್ಷರು ಯಾವ ಪಕ್ಷದವರಾಗುತ್ತಿದ್ದರು ಎಂದು ಮಾತ್ರ ಕೇಳಬೇಡಿ, ಹಾಸನ ನೋಡಿದ ಮೇಲೆ ಆ ಧೈರ್ಯ ಇಲ್ಲ.